ಈ ಸಾಫ್ಟ್‌ವೇರ್ ನಿಮ್ಮ ಪ್ರೊಸೆಸರ್‌ನಲ್ಲಿ ಓಡುತ್ತಾ? ಮೊದಲೇ ನೋಡಿಕೊಳ್ಳಿ

ಸಾಫ್ಟ್‌ವೇರ್ ಇನ್‌ಸ್ಟಾಲ್ ಆಯಿತು. ಡಬಲ್ ಕ್ಲಿಕ್ ಮಾಡಿದರೆ ತೆರೆದ ಹಾಗೆ ಆಗಿ ಮಾಯ. ಲಿನಕ್ಸ್ ಆಗಿದ್ದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅನ್ನುವ ಒಂದೇ ಸಾಲು. ರ‍್ಯಾಮ್ ಬೇಕಾದಷ್ಟಿದೆ, ಡಿಸ್ಕ್‌ನಲ್ಲಿ ಜಾಗವೂ ಇದೆ. ಆದರೆ ಪ್ರೋಗ್ರಾಂ ಹೇಳಿದ ಒಂದು ಕೆಲಸ ನಿಮ್ಮ ಪ್ರೊಸೆಸರ್‌ಗೆ ಗೊತ್ತೇ ಇಲ್ಲ. ಇದು ವೇಗದ ಮಾತಲ್ಲ. ಎಷ್ಟು ಹೊತ್ತು ಕಾದರೂ ಅದು ಓಡುವುದಿಲ್ಲ.

ಹಂತ 1: ಪ್ರೊಸೆಸರ್‌ನ ಬಳಗ ಯಾವುದು?
ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ. ‘ಸಿಸ್ಟಮ್ ಟೈಪ್’ ಮುಂದೆ ಎಕ್ಸ್64 ಅಂತಿದ್ದರೆ ಅದು ಇಂಟೆಲ್, ಎಎಂಡಿಗಳ ಬಳಗ. ಆರ್ಮ್ ಅಂತಿದ್ದರೆ ಬೇರೆಯೇ. ಮ್ಯಾಕ್‌ಗಳು 2020ರ ಎಂ1 ಚಿಪ್‌ನಿಂದ ಆರ್ಮ್ ಕಡೆ ಬಂದವು. ಒಂದು ಬಳಗದ ಪ್ರೋಗ್ರಾಂ ಇನ್ನೊಂದರಲ್ಲಿ ಓಡಲು ನಡುವೆ ದುಭಾಷಿ ಬೇಕು. ಮ್ಯಾಕ್‌ನಲ್ಲಿ ಆ ಕೆಲಸವನ್ನು ರೊಸೆಟ್ಟಾ 2 ಮಾಡುತ್ತದೆ. ಆರ್ಮ್‌ನ ವಿಂಡೋಸ್ 11ರಲ್ಲೂ ಅಂಥದ್ದೊಂದು ಒಳಗೇ ಇದೆ. ಡ್ರೈವರ್‌ಗಳಿಗೆ (ಸ್ಕ್ಯಾನರ್‌ನಂಥ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳಿಗೆ) ಮಾತ್ರ ಅದು ನೆರವಾಗುವುದಿಲ್ಲ. ಹಳೇ ಸ್ಕ್ಯಾನರ್ ಇದ್ದವರು ಆರ್ಮ್ ಡ್ರೈವರ್ ಸಿಗುತ್ತಾ ಅಂತ ಮೊದಲೇ ಹುಡುಕಿ.

ಹಂತ 2: ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ
ಅದೇ ಪುಟದಲ್ಲಿ ಇರುತ್ತದೆ. ಕೋರ್ ಐ5-8250ಯು ಅಂದರೆ 8ನೇ ಪೀಳಿಗೆ, 1235ಯು ಅಂದರೆ 12ನೆಯದು. ಆದರೆ ರೈಜೆನ್ 5 7520ಯು ನೋಡಿ. ಮೊದಲ 7 ಬರೀ 2023ರ ಸಾಲಿನ ಗುರುತು. ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ, ಅದನ್ನು ಹೇಳುವುದು ಮೂರನೇ ಅಂಕಿ.

ಹಂತ 3: ಪ್ರೊಸೆಸರ್‌ಗೆ ಏನೇನು ಗೊತ್ತು?
ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ವಿಂಡೋಸ್‌ನಲ್ಲಿ ಸಿಪಿಯು-ಝಡ್ (CPU-Z) ಅನ್ನುವ ಪ್ರೋಗ್ರಾಂ ಹಾಕಿಕೊಂಡು ‘ಇನ್‌ಸ್ಟ್ರಕ್ಷನ್ಸ್’ ಸಾಲು ಓದಿ. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಕಮಾಂಡ್ ಕೊಟ್ಟು ‘ಫ್ಲ್ಯಾಗ್ಸ್’ ನೋಡಿ. ಎಸ್‌ಎಸ್‌ಇ4.2, ಎವಿಎಕ್ಸ್, ಎವಿಎಕ್ಸ್2 ಇವೆಯಾ? ಇವು ಪ್ರೊಸೆಸರ್‌ಗೆ ಗೊತ್ತಿರುವ ಕೆಲಸಗಳ ಗುಂಪುಗಳ ಹೆಸರು. ಹೊಸ ಚಿಪ್ ಅಲ್ವಾ, ಎಲ್ಲಾ ಇರುತ್ತೆ ಅಂತ ಸುಮ್ನೆ ಇರಬೇಡಿ. 2011ರ ಕೋರ್ ಐ5-2500ರಲ್ಲಿ ಎವಿಎಕ್ಸ್ ಇದೆ. 2020ರ ಪೆಂಟಿಯಂ ಗೋಲ್ಡ್ ಜಿ6400ರಲ್ಲಿ ಇಲ್ಲ! ಎವಿಎಕ್ಸ್ ಕೇಳುವ ಡೇಟಾಬೇಸ್ ಸಾಫ್ಟ್‌ವೇರ್ ಮೊಂಗೋಡಿಬಿ 5.0 ಹಳೆಯದರಲ್ಲಿ ಓಡುತ್ತದೆ, ಹೊಸದರಲ್ಲಿ ಓಡುವುದಿಲ್ಲ. ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ಬಳಸುತ್ತಿದ್ದರೆ ಒಳಗಿನಿಂದಲೇ ನೋಡಿ. ಅಸಲಿ ಪ್ರೊಸೆಸರ್‌ನಲ್ಲಿ ಇರುವುದನ್ನು ಅದು ಕೆಲವೊಮ್ಮೆ ಮುಚ್ಚಿಡುತ್ತದೆ.

ಹಂತ 4: ಸಾಫ್ಟ್‌ವೇರ್ ಕೇಳುವುದರ ಜೊತೆ ಹೋಲಿಸಿ ನೋಡಿ
ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಕೇಳುವುದು ಎಕ್ಸ್86-64-ವಿ2 ಮಟ್ಟ, ಅಂದರೆ ಎಸ್‌ಎಸ್‌ಇ4.2 ತನಕ. 10ನೇ ಆವೃತ್ತಿ ವಿ3 ಕೇಳುತ್ತದೆ, ಅದಕ್ಕೆ ಎವಿಎಕ್ಸ್2 ಬೇಕು. ‘ಆಗಲ್ಲ’ ಅನ್ನುವುದರಲ್ಲೂ ಎರಡು ಬಗೆ. 7ನೇ ಪೀಳಿಗೆಯ ಐ7-7700 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅದು ಕಂಪನಿಯ ನಿಯಮ. ಎಸ್‌ಎಸ್‌ಇ4.2 ಇಲ್ಲದ ಪ್ರೊಸೆಸರ್‌ನಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಅದಕ್ಕೆ ಯಾವ ಅಡ್ಡದಾರಿಯೂ ಇಲ್ಲ.

ಹಂತ 5: ಹೊಂದದಿದ್ದರೆ?
ಅದೇ ಸಾಫ್ಟ್‌ವೇರ್‌ನ ಹಳೇ ಆವೃತ್ತಿ ಹುಡುಕಿ. ಸೆಕ್ಯುರಿಟಿ ಅಪ್‌ಡೇಟ್ ನಿಂತಿದ್ದರೆ ಅದನ್ನು ನೆಟ್‌ಗೆ ಜೋಡಿಸಬೇಡಿ. ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಸಿಕ್ಕರೆ ನಿಮ್ಮದೇ ಮೆಷಿನ್‌ನಲ್ಲಿ ಕಂಪೈಲ್ ಮಾಡಬಹುದು, ಅಂದರೆ ಓಡುವ ಫೈಲ್ ಆಗಿ ಕಟ್ಟಬಹುದು. ಆಗ ಕಂಪೈಲ್ ಮಾಡುವ ಜಿಸಿಸಿ (GCC) ಪ್ರೋಗ್ರಾಂಗೆ ‘ಮಾರ್ಚ್=ನೇಟಿವ್’ (-march=native) ಅಂತ ಕೊಟ್ಟರೆ ಅದು ನಿಮ್ಮ ಪ್ರೊಸೆಸರ್‌ಗೆ ತಕ್ಕ ಹಾಗೆಯೇ ಕಟ್ಟಿಕೊಡುತ್ತದೆ. ಆ ಫೈಲನ್ನು ಮಾತ್ರ ಇನ್ನೊಬ್ಬರಿಗೆ ಕಳಿಸಬೇಡಿ. ಅವರ ಪ್ರೊಸೆಸರ್ ನಿಮ್ಮದಕ್ಕಿಂತ ಹಳೆಯದಾಗಿದ್ದರೆ ಅವರಿಗೂ ಅದೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬರಬಹುದು.