ಆ್ಯಪ್ ಬಳಕೆಯ ಲೆಕ್ಕ ಇಡುವುದು ಹೇಗೆ?

ಆ್ಯಪ್ ಬಿಡುಗಡೆಯಾಗಿ ಮೂರು ತಿಂಗಳಾದ ಮೇಲೆ ‘ನೋಂದಣಿ ಪುಟದಲ್ಲಿ ಎಷ್ಟು ಮಂದಿ ಅರ್ಧಕ್ಕೇ ಬಿಟ್ಟುಹೋಗುತ್ತಿದ್ದಾರೆ?’ ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿ ಇವೆಂಟ್ (ಬಳಕೆದಾರ ಮಾಡಿದ ಒಂದು ಕ್ರಿಯೆ) ದಾಖಲಿಸುವ ಕೋಡ್ ಹಾಕಿರದಿದ್ದರೆ ಆ ಮೂರು ತಿಂಗಳ ಲೆಕ್ಕ ಇನ್ನು ಸಿಗುವುದಿಲ್ಲ. ಅನಲಿಟಿಕ್ಸ್, ಅಂದರೆ ಬಳಕೆಯ ಲೆಕ್ಕ ಇಡುವ ಸಾಧನ, ಜೋಡಿಸುವ ಕೋಡ್ ಅರ್ಧ ದಿನದ ಕೆಲಸ. ಏನನ್ನು, ಯಾವ ಹೆಸರಿನಲ್ಲಿ, ಯಾವ ಕ್ಷಣದಲ್ಲಿ ಎಣಿಸಬೇಕು ಎಂದು ತೀರ್ಮಾನಿಸುವುದೇ ನಿಜವಾದ ಕೆಲಸ. ಇಲ್ಲಿ ಗೂಗಲ್‌ನ ಫೈರ್‌ಬೇಸ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಬೇರೆ ಸಾಧನ ಬಳಸಿದರೂ ಕ್ರಮ ಹೆಚ್ಚು ಬದಲಾಗದು.

ಮೊದಲು ಒಂದು ಶೀಟ್

ಕೋಡ್ ಮುಟ್ಟುವ ಮುನ್ನ ಸ್ಪ್ರೆಡ್‌ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡಿ: ಉತ್ತರ ಬೇಕಿರುವ ಪ್ರಶ್ನೆ, ಇವೆಂಟ್‌ನ ಹೆಸರು, ಅದು ದಾಖಲಾಗುವ ಕ್ಷಣ, ಜೊತೆಗೆ ಹೋಗುವ ವಿವರ, ಅಂದರೆ ಪ್ಯಾರಾಮೀಟರ್. ಯಾವ ಪ್ರಶ್ನೆಗೂ ಉತ್ತರ ಕೊಡದ ಇವೆಂಟ್ ಇದ್ದರೆ ಅಳಿಸಿಬಿಡಿ. ಆರಂಭಕ್ಕೆ ಹತ್ತು–ಹದಿನೈದು ಇವೆಂಟ್ ಧಾರಾಳವಾಯಿತು.

ಮೂರನೇ ಕಾಲಂನಲ್ಲಿ ಮೈಗಳ್ಳತನ ಬೇಡ. ಕಲಿಕೆಯ ಆ್ಯಪ್ ಒಂದರಲ್ಲಿ ‘ಪಾಠ ಮುಗಿದಾಗ’ ಎಂದು ಬರೆದರೆ ಏನರ್ಥ? ಕೊನೆಯ ಪುಟ ಕಂಡಾಗಲೋ, ‘ಮುಗಿಯಿತು’ ಬಟನ್ ಒತ್ತಿದಾಗಲೋ, ಸರ್ವರ್‌ನಲ್ಲಿ ಸೇವ್ ಆದಾಗಲೋ? ಆಂಡ್ರಾಯ್ಡ್ ತಂಡ ಒಂದನ್ನು, ಐಒಎಸ್ ತಂಡ ಇನ್ನೊಂದನ್ನು ಆರಿಸಿಕೊಂಡರೆ ಎರಡರ ಅಂಕಿಗಳು ಎಂದಿಗೂ ತಾಳೆಯಾಗವು.

ಹೆಸರಿಗೂ ನಿಯಮವಿದೆ. ಫೈರ್‌ಬೇಸ್‌ನಲ್ಲಿ ಇವೆಂಟ್ ಹೆಸರು 40 ಅಕ್ಷರ ಮೀರುವಂತಿಲ್ಲ, ನಡುವೆ ಖಾಲಿ ಜಾಗ ಇರುವಂತಿಲ್ಲ, ದೊಡ್ಡಕ್ಷರ ಸಣ್ಣಕ್ಷರ ಬೇರೆಯಾದರೆ ಅದು ಬೇರೆಯದೇ ಇವೆಂಟ್. ಒಂದು ಇವೆಂಟ್‌ಗೆ ಗರಿಷ್ಠ 25 ಪ್ಯಾರಾಮೀಟರ್. ಆ್ಯಪ್‌ಗೆ ಒಟ್ಟು 500 ಬಗೆಯ ಇವೆಂಟ್. 500 ಎಂದರೆ ಬಹಳ ಎನಿಸುತ್ತದೆ. ಆದರೆ ‘ಲೆಸನ್_12_ಸ್ಟಾರ್ಟ್’, ‘ಲೆಸನ್_13_ಸ್ಟಾರ್ಟ್’ ಎಂದು ಪಾಠಕ್ಕೊಂದು ಹೆಸರಿಟ್ಟರೆ ಬೇಗ ಖಾಲಿಯಾಗುತ್ತದೆ. ಇವೆಂಟ್ ‘ಲೆಸನ್_ಸ್ಟಾರ್ಟ್’ ಒಂದೇ ಇರಲಿ, ಯಾವ ಪಾಠ ಎಂಬುದು ಪ್ಯಾರಾಮೀಟರ್‌ನಲ್ಲಿ ಹೋಗಲಿ.

ಜೋಡಣೆ

ಫೈರ್‌ಬೇಸ್ ಕನ್ಸೋಲ್‌ನಲ್ಲಿ ಪ್ರಾಜೆಕ್ಟ್ ತೆರೆದು, ಅನಲಿಟಿಕ್ಸ್ ಆನ್ ಮಾಡಿ, ಆ್ಯಪ್ ನೋಂದಾಯಿಸಿ. ಆಂಡ್ರಾಯ್ಡ್‌ಗೆ ಸಿಗುವ ಜೇಸನ್ ಫೈಲನ್ನು ಆ್ಯಪ್ ಮಾಡ್ಯೂಲ್‌ನ ಫೋಲ್ಡರ್‌ಗೆ ಹಾಕಿ, ಗ್ರೇಡಲ್‌ನಲ್ಲಿ (ಆಂಡ್ರಾಯ್ಡ್ ಆ್ಯಪ್ ಬಿಲ್ಡ್ ಮಾಡುವ ಸಾಧನ) ಗೂಗಲ್ ಸರ್ವೀಸಸ್ ಪ್ಲಗಿನ್ ಮತ್ತು ಅನಲಿಟಿಕ್ಸ್ ಲೈಬ್ರರಿ ಸೇರಿಸಿ. ಐಒಎಸ್‌ನಲ್ಲಿ ಪಿಲಿಸ್ಟ್ ಫೈಲನ್ನು ಎಕ್ಸ್‌ಕೋಡ್‌ಗೆ ಎಳೆದು ಹಾಕಿ, ಆ್ಯಪ್ ಶುರುವಾಗುವಲ್ಲಿ ಫೈರ್‌ಬೇಸ್ ಕಾನ್ಫಿಗರ್ ಮಾಡುವ ಸಾಲು ಬರೆಯಿರಿ. ಆಂಡ್ರಾಯ್ಡ್‌ನಲ್ಲಿ ಪರೀಕ್ಷೆಗೆಂದು ಕಟ್ಟುವ ಡೀಬಗ್ ಬಿಲ್ಡ್‌ನ ಪ್ಯಾಕೇಜ್ ಹೆಸರಿಗೆ ಬಾಲಂಗೋಚಿ ಸೇರಿಸುವ ಅಭ್ಯಾಸವಿದ್ದರೆ ‘ಈ ಪ್ಯಾಕೇಜ್‌ಗೆ ಹೊಂದುವ ಕ್ಲೈಂಟ್ ಇಲ್ಲ’ ಎಂಬ ಅರ್ಥದ ದೋಷ ಬಂದು ಬಿಲ್ಡ್ ನಿಲ್ಲುತ್ತದೆ. ಆ ಹೆಸರನ್ನು ಬೇರೊಂದು ಪ್ರಾಜೆಕ್ಟ್‌ನಲ್ಲಿ ನೋಂದಾಯಿಸಿ. ನಿಮ್ಮ ತಂಡದವರ ಓಡಾಟ ಅಸಲಿ ಲೆಕ್ಕಕ್ಕೆ ಬೆರೆಯದಿರಲು ಇದೇ ಒಳ್ಳೆಯ ದಾರಿಯೂ ಹೌದು.

ಇಷ್ಟಾದ ಮೇಲೆ ಮೊದಲ ತೆರೆಯುವಿಕೆ, ಸೆಷನ್ ಆರಂಭ, ಸ್ಕ್ರೀನ್ ನೋಟಗಳು ತಾವಾಗಿಯೇ ದಾಖಲಾಗುತ್ತವೆ. ಸ್ಕ್ರೀನ್ ನೋಟವನ್ನು ಮಾತ್ರ ನಂಬಬೇಡಿ. ಆಂಡ್ರಾಯ್ಡ್‌ನಲ್ಲಿ ಅದು ಆ್ಯಕ್ಟಿವಿಟಿಯ, ಅಂದರೆ ಪರದೆಗಳನ್ನು ಹೊತ್ತ ಘಟಕದ, ಲೆಕ್ಕ. ಕಂಪೋಸ್ (ಪರದೆ ಕಟ್ಟುವ ಆಂಡ್ರಾಯ್ಡ್ ಸಾಧನ) ಬಳಸಿ ಒಂದೇ ಆ್ಯಕ್ಟಿವಿಟಿಯಲ್ಲಿ ಕಟ್ಟಿದ ಆ್ಯಪ್‌ನಲ್ಲಿ ಎಲ್ಲ ಪರದೆಯೂ ‘ಮೇನ್ ಆ್ಯಕ್ಟಿವಿಟಿ’ ಎಂದೇ ಕಾಣುತ್ತದೆ. ತಾನಾಗಿ ನಡೆಯುವ ಈ ದಾಖಲೆಯನ್ನು ಆ್ಯಪ್‌ನ ಸೆಟ್ಟಿಂಗ್ ಫೈಲ್ ಆದ ಮ್ಯಾನಿಫೆಸ್ಟ್‌ನಲ್ಲಿ ಆಫ್ ಮಾಡಿ, ಪ್ರತಿ ಪರದೆಗೂ ಹೆಸರು ಕೊಟ್ಟು ನೀವೇ ದಾಖಲಿಸಿ.

ಎಣಿಕೆ ತಪ್ಪುವುದು ಎಲ್ಲಿ?

ಹೆಚ್ಚಿನ ತಪ್ಪು ಇವೆಂಟ್ ಕರೆಯುವ ಜಾಗದಲ್ಲಿ ಆಗುತ್ತದೆ. ಕಂಪೋಸ್ ಫಂಕ್ಷನ್‌ನ ಒಡಲಲ್ಲಿ ನೇರವಾಗಿ ಬರೆದರೆ ಪರದೆ ಮರುರಚನೆಯಾದಾಗಲೆಲ್ಲ ಇವೆಂಟ್ ಹೋಗುತ್ತದೆ. ಟೈಮರ್ ಓಡುವ ಪುಟವಾದರೆ ಸೆಕೆಂಡಿಗೊಂದು! ಅದನ್ನು ಮರುರಚನೆಯಾದಾಗಲೆಲ್ಲ ಓಡದ ಲಾಂಚ್ಡ್‌ಎಫೆಕ್ಟ್ ಒಳಗೆ ಇಡಿ. ಆ್ಯಪ್ ಕಟ್ಟಲು ಫ್ಲಟರ್ ಬಳಸಿದ್ದರೆ ‘ಬಿಲ್ಡ್’ ಫಂಕ್ಷನ್ ಬಿಟ್ಟು ‘ಇನಿಟ್‌ಸ್ಟೇಟ್’ ಫಂಕ್ಷನ್‌ನಲ್ಲಿ ಇಡಿ. ಹಳೆಯ ಶೈಲಿಯ ಆಂಡ್ರಾಯ್ಡ್ ಕೋಡ್‌ನಲ್ಲಿ ಫೋನ್ ಅಡ್ಡ ತಿರುಗಿಸಿದರೂ ಆ್ಯಕ್ಟಿವಿಟಿ ಮರುಹುಟ್ಟು ಪಡೆದು ಎಣಿಕೆ ಎರಡಾಗುತ್ತದೆ.

ಪಾವತಿಯಂಥ ಕಡೆ ಬಟನ್ ಒತ್ತಿದ್ದೇ ಬೇರೆ, ಹಣ ಸಂದಾಯವಾದದ್ದೇ ಬೇರೆ. ಎರಡಕ್ಕೂ ಪ್ರತ್ಯೇಕ ಇವೆಂಟ್ ಇಟ್ಟು, ಎರಡನೆಯದನ್ನು ಸರ್ವರ್ ಒಪ್ಪಿಗೆ ಬಂದ ಮೇಲಷ್ಟೇ ಕಳಿಸಿ. ಪಾವತಿ ವಿಫಲವಾದಾಗ ಕಾರಣವನ್ನು ‘ನೆಟ್‌ವರ್ಕ್’, ‘ರದ್ದು’, ‘ಬ್ಯಾಂಕ್ ನಿರಾಕರಣೆ’ ಹೀಗೆ ಬೆರಳೆಣಿಕೆಯ ಪದಗಳಲ್ಲಿ ಹಾಕಿ. ದೋಷದ ಪೂರ್ತಿ ಸಂದೇಶ ತುರುಕಬೇಡಿ. ದಿನಕ್ಕೆ 500ಕ್ಕಿಂತ ಹೆಚ್ಚು ಬಗೆಯ ಮೌಲ್ಯ ಬಂದರೆ ವರದಿಯಲ್ಲಿ ಉಳಿದವೆಲ್ಲ ‘ಇತರೆ’ ಎಂಬ ಒಂದೇ ಸಾಲಿಗೆ ಸೇರಿಬಿಡುವ ಸಂಭವವಿದೆ.

ಫೋನ್ ನಂಬರ್, ಇಮೇಲ್, ಹೆಸರು ಯಾವ ಪ್ಯಾರಾಮೀಟರ್‌ನಲ್ಲೂ ಹೋಗಕೂಡದು. ಹುಡುಕಾಟದ ಪೆಟ್ಟಿಗೆಯ ಬಗ್ಗೆ ವಿಶೇಷ ಎಚ್ಚರ ಬೇಕು, ಜನ ಅಲ್ಲಿ ಏನು ಬೇಕಾದರೂ ಟೈಪ್ ಮಾಡುತ್ತಾರೆ.

ಒಪ್ಪಿಗೆ

ಬಳಕೆದಾರರ ಸಮ್ಮತಿ ಮೊದಲು ಬೇಕಿದ್ದರೆ ಸಂಗ್ರಹಣೆಯನ್ನು ಮ್ಯಾನಿಫೆಸ್ಟ್‌ನಲ್ಲಿ ಆಫ್ ಇಟ್ಟು, ಒಪ್ಪಿದ ಮೇಲೆ ಕೋಡ್‌ನಿಂದ ಆನ್ ಮಾಡಿ. ಇದಕ್ಕೆ ‘ಎನೇಬಲ್ಡ್’ ಎಂಬ ಗುರುತಿನ ಸೆಟ್ಟಿಂಗ್ ಬಳಸಬೇಕು. ಪಕ್ಕದಲ್ಲೇ ‘ಡಿಆ್ಯಕ್ಟಿವೇಟೆಡ್’ ಎಂಬುದೊಂದಿದೆ, ಅದನ್ನು ಹಾಕಿದರೆ ಕೋಡ್‌ನಿಂದ ಮತ್ತೆ ಆನ್ ಆಗದು. ಪ್ಲೇ ಸ್ಟೋರ್‌ನ ಡೇಟಾ ಸೇಫ್ಟಿ ಫಾರಂ, ಆ್ಯಪ್ ಸ್ಟೋರ್‌ನ ಖಾಸಗಿತನದ ವಿವರ, ಎರಡರಲ್ಲೂ ಈ ಸಂಗ್ರಹಣೆಯನ್ನು ನಮೂದಿಸಬೇಕು.

ಪರೀಕ್ಷೆ

ಬ್ಯಾಟರಿ ಉಳಿಸಲು ಇವೆಂಟ್‌ಗಳು ಸುಮಾರು ಗಂಟೆಗೊಮ್ಮೆ ಗುಂಪಾಗಿ ಹೋಗುತ್ತವೆ, ವರದಿಗೆ ಬರಲು ಒಂದು ದಿನವೂ ಹಿಡಿಯಬಹುದು. ‘ಏನೂ ಬರುತ್ತಿಲ್ಲ’ ಎಂದು ಕೋಡ್ ಕೆದಕುವ ಮೊದಲು, ಪರೀಕ್ಷೆಯ ಫೋನ್‌ನಿಂದ ಬರುವ ಇವೆಂಟ್‌ಗಳನ್ನು ಆಗಲೇ ತೋರಿಸುವ ಡೀಬಗ್‌ವ್ಯೂ ಪುಟ ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ಎಡಿಬಿ (ಕಂಪ್ಯೂಟರ್‌ನಿಂದ ಫೋನ್‌ಗೆ ಆದೇಶ ಕೊಡುವ ಸಾಧನ) ಮೂಲಕ ಪ್ಯಾಕೇಜ್ ಹೆಸರು ಕೊಟ್ಟು, ಐಒಎಸ್‌ನಲ್ಲಿ ಎಕ್ಸ್‌ಕೋಡ್ ಸ್ಕೀಮ್‌ನ ಆರ್ಗ್ಯುಮೆಂಟ್ ಸೇರಿಸಿ ಡೀಬಗ್ ಮೋಡ್ ಹಚ್ಚಿದರೆ ಕೆಲವೇ ಸೆಕೆಂಡಿನಲ್ಲಿ ಇವೆಂಟ್ ಕಾಣುತ್ತದೆ. ಶೀಟ್ ಎದುರಿಗಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಫೋನ್ ತಿರುಗಿಸಿ, ಹಿಂದಕ್ಕೆ ಹೋಗಿ, ನೆಟ್ ಆಫ್ ಮಾಡಿಯೂ ನೋಡಿ. ಮುಗಿದ ಮೇಲೆ ಡೀಬಗ್ ಮೋಡ್ ಆಫ್ ಮಾಡಲು ಮರೆಯಬೇಡಿ, ಅದರಲ್ಲಿ ಬಂದ ಇವೆಂಟ್‌ಗಳು ಮುಖ್ಯ ವರದಿಗೆ ಸೇರುವುದಿಲ್ಲ.

ಬಿಡುಗಡೆಯ ದಿನವೇ ಎರಡು ಕೆಲಸ: ನೀವು ಕಟ್ಟಿದ ಪ್ಯಾರಾಮೀಟರ್‌ಗಳನ್ನು ಗೂಗಲ್ ಅನಲಿಟಿಕ್ಸ್‌ನಲ್ಲಿ ಕಸ್ಟಮ್ ಡೈಮೆನ್ಷನ್ (ವರದಿಯಲ್ಲಿ ವಿಂಗಡಿಸಿ ನೋಡಲು ನೀವೇ ಸೇರಿಸುವ ವಿವರ) ಆಗಿ ನೋಂದಾಯಿಸಿ, ಏಕೆಂದರೆ ನೋಂದಣಿಗೆ ಮುಂಚಿನ ಮೌಲ್ಯಗಳು ವರದಿಯಲ್ಲಿ ತೋರವು. ಡೇಟಾ ಉಳಿಸುವ ಅವಧಿ 2 ತಿಂಗಳಿದ್ದರೆ 14ಕ್ಕೆ ಏರಿಸಿ.

ಮುಂದೆ ಇವೆಂಟ್‌ನ ಅರ್ಥ ಬದಲಿಸಬೇಕಾದರೆ ಹಳೆಯ ಹೆಸರನ್ನೇ ತಿದ್ದಿ ಬಳಸದೆ ಹೊಸ ಹೆಸರು ಕೊಡಿ. ಅಪ್‌ಡೇಟ್ ಮಾಡದ ಫೋನ್‌ಗಳಿಂದ ಹಳೆಯ ಇವೆಂಟ್ ತಿಂಗಳುಗಟ್ಟಲೆ ಬರುತ್ತಲೇ ಇರುತ್ತದೆ, ಅದನ್ನು ಆ್ಯಪ್ ಆವೃತ್ತಿಯ ಫಿಲ್ಟರ್ ಹಾಕಿ ಬೇರ್ಪಡಿಸಿ ಓದಿ.