ಹಳೆಯ ಸೌಂಡ್ ಕಾರ್ಡಿಗೆ ಲಿನಕ್ಸ್‌ನಲ್ಲಿ ಮತ್ತೆ ದನಿ

ಪೆಂಟಿಯಂ 2 ಕಾಲದ ಯಂತ್ರಕ್ಕೆ ಸೌಂಡ್ ಬ್ಲಾಸ್ಟರ್ 16 ಪಿಎನ್‌ಪಿ ಕಾರ್ಡ್ ಕೂರಿಸಿ ಲಿನಕ್ಸ್ ಶುರು ಮಾಡಿದಿರಿ, ಸದ್ದೇ ಇಲ್ಲ. ಕಾರ್ಡ್ ಕೆಟ್ಟಿದೆ ಎಂದು ಗುಜರಿಗೆ ಹಾಕಬೇಡಿ. ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟಿನ ಪ್ಲಗ್ ಅಂಡ್ ಪ್ಲೇ (ಪಿಎನ್‌ಪಿ) ಕಾರ್ಡು ಯಾವ ಪೋರ್ಟ್ (ಸಂಪರ್ಕದ ವಿಳಾಸ), ಯಾವ ಐಆರ್‌ಕ್ಯೂ (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತದ ಸಂಖ್ಯೆ), ಯಾವ ಡಿಎಂಎ ಚಾನೆಲ್ (ಮೆಮರಿಯ ಜೊತೆಗಿನ ನೇರ ದಾರಿ) ಬಳಸಬೇಕೆಂದು ಯಾರಾದರೂ ಹೇಳುವವರೆಗೆ ಸುಮ್ಮನೆ ಕೂತಿರುತ್ತದೆ. 2001ರ ಆರಂಭದಲ್ಲಿ ಬಂದ 2.4 ಕರ್ನಲ್‌ಗೂ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಮುನ್ನ ಇದನ್ನು ಹೇಳಲು ಐಎಸ್‌ಎ-ಪಿಎನ್‌ಪಿ ಟೂಲ್ಸ್ ಎಂಬ ಪ್ರತ್ಯೇಕ ತಂತ್ರಾಂಶ ಬೇಕಿತ್ತು. ಈಗ ಕರ್ನಲ್ಲೇ ಆ ಕೆಲಸ ಮಾಡುತ್ತದೆ.

ಮೊದಲು 32 ಬಿಟ್ ಲಿನಕ್ಸ್ ಹುಡುಕಿಕೊಳ್ಳಿ. 64 ಬಿಟ್ ಕರ್ನಲ್‌ನಲ್ಲಿ ಐಎಸ್‌ಎ ಪಿಎನ್‌ಪಿ ಸೌಲಭ್ಯ ಸಿಗದು. ಡೆಬಿಯನ್ ಎಂಬ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೇ ಇಲ್ಲ. 12ನೇ ಆವೃತ್ತಿಯೇ ಗತಿ. ಕಾರ್ಡ್ ಕೂರಿಸುವಾಗ ಯಂತ್ರದ ವಿದ್ಯುತ್ ಪ್ಲಗ್ಗನ್ನೇ ಕಿತ್ತಿಡಿ. ಕಾರ್ಡಿನ ಅಂಚಿನ ಲೋಹದ ಪಟ್ಟಿಗಳು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಅದೇ ಯಂತ್ರದಲ್ಲಿ ಜಂಪರ್ (ಸಂಖ್ಯೆಯನ್ನು ಕೈಯಾರೆ ನಿಗದಿ ಮಾಡುವ ಪುಟ್ಟ ಪಿನ್ನುಗಳು) ಇರುವ ಇನ್ನೂ ಹಳೆಯ ಕಾರ್ಡ್ ಇದ್ದರೆ, ಅದು ತನ್ನ ಐಆರ್‌ಕ್ಯೂ ಯಾವುದೆಂದು ಕರ್ನಲ್‌ಗೆ ಹೇಳಲಾರದು. ಪಿಎನ್‌ಪಿ ಕಾರ್ಡಿಗೂ ಅದೇ ಐಆರ್‌ಕ್ಯೂ ಸಿಕ್ಕಿಬಿಟ್ಟರೆ ಎರಡೂ ಕೈಕೊಡುತ್ತವೆ. ಒಟ್ಟು 16 ಐಆರ್‌ಕ್ಯೂಗಳಲ್ಲಿ ಟೈಮರ್, ಕೀಬೋರ್ಡ್, ಫ್ಲಾಪಿ, ಹಾರ್ಡ್‌ಡಿಸ್ಕ್ ಇತ್ಯಾದಿಗಳದ್ದನ್ನು ಕಳೆದರೆ ಉಳಿಯುವುದೇ ಬೆರಳೆಣಿಕೆಯಷ್ಟು. ಹಾಗಾಗಿ ಜಂಪರ್ ನೋಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಯಾಸ್‌ನ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಸೆಟಪ್) ಪಿಎನ್‌ಪಿ ಪುಟದಲ್ಲಿ ಆ ಐಆರ್‌ಕ್ಯೂ ಎದುರು ‘ಲೆಗಸಿ ಐಎಸ್‌ಎ’ ಆರಿಸಿ. ಅಲ್ಲೇ ‘ಪಿಎನ್‌ಪಿ ಓಎಸ್ ಇನ್‌ಸ್ಟಾಲ್ಡ್’ ಎಂಬುದಕ್ಕೆ ‘ನೋ’ ಎನ್ನಿ.

ಈಗ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಲಾಗಿನ್ ಆಗಿ, ಈ ಕಾರ್ಡಿನ ಡ್ರೈವರ್ ಆದ ಎಸ್‌ಎನ್‌ಡಿ-ಎಸ್‌ಬಿ16 ಮಾಡ್ಯೂಲನ್ನು ಮಾಡ್‌ಪ್ರೋಬ್ ಆಜ್ಞೆಯಿಂದ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ದನಿ ಬರುತ್ತದೆ. ಬರದಿದ್ದರೆ ಮಾಡ್ಯೂಲ್ ತೆಗೆದುಹಾಕಿ. ಅದು ಹಿಡಿದುಕೊಂಡಿರುವಷ್ಟು ಹೊತ್ತು ಕರ್ನಲ್ ಸೆಟ್ಟಿಂಗ್ ಬದಲಿಸಲು ಬಿಡುವುದಿಲ್ಲ.

ಬಳಿಕ ಸಿಸ್ ಡೈರೆಕ್ಟರಿಯೊಳಗೆ ಬಸ್, ಪಿಎನ್‌ಪಿ, ಡಿವೈಸಸ್ ಎಂದು ಒಂದೊಂದೇ ಮೆಟ್ಟಿಲು ಇಳಿಯಿರಿ. 01:01.00, 01:01.01 ಎಂಬಂಥ ಹೆಸರುಗಳು ಕಾಣುತ್ತವೆ. ಕಾರ್ಡ್ ಒಂದೇ ಆದರೂ ಧ್ವನಿಗೊಂದು, ಜಾಯ್‌ಸ್ಟಿಕ್ಕಿಗೊಂದು, ಕೆಲವದರಲ್ಲಿ ಸಿಡಿ ಡ್ರೈವ್ ಜೋಡಿಸುವ ಐಡಿಇಗೊಂದು ಎಂದು ಭಾಗಗಳಿರುತ್ತವೆ. ಐಡಿಇ ಬೇಡವಾದರೆ ಅದನ್ನು ಮುಂದೆ ಹೇಳುವ ರೀತಿಯಲ್ಲೇ ಡಿಸೇಬಲ್ ಮಾಡಿ. ಒಂದು ಐಆರ್‌ಕ್ಯೂ ಉಳಿಯುತ್ತದೆ.

ಧ್ವನಿ ಭಾಗದೊಳಗಿನ ‘ಆಪ್ಷನ್ಸ್’ ಫೈಲ್ ಓದಿ. ಕಾರ್ಡ್ ಯಾವ ಯಾವ ಸಂಖ್ಯೆಗಳಿಗೆ ಒಪ್ಪುತ್ತದೆಂಬ ಪಟ್ಟಿ ಅಲ್ಲಿದೆ. ಪಟ್ಟಿಯಲ್ಲಿಲ್ಲದ್ದನ್ನು ಕೊಡಬೇಡಿ. ಪಕ್ಕದ ‘ರಿಸೋರ್ಸಸ್’ ಫೈಲಿಗೆ ಎಕೋ ಆಜ್ಞೆಯ ಮೂಲಕ ಮೊದಲು ‘ಡಿಸೇಬಲ್’ ಎಂದು ಬರೆಯಿರಿ. ಆಮೇಲೆ ‘ಸೆಟ್’ ಎಂದು ಶುರುಮಾಡಿ, ಪ್ರತಿ ಸಂಖ್ಯೆಗೂ ಮೊದಲು ಅದು ಐಓ, ಐಆರ್‌ಕ್ಯೂ, ಡಿಎಂಎ ಪೈಕಿ ಯಾವುದೆಂದು ನಮೂದಿಸುತ್ತ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಡಿ. ಈ ಕಾರ್ಡಿಗೆ ರೂಢಿಯ ಸಂಖ್ಯೆಗಳು ಇವು: ಪೋರ್ಟ್ 220ರಿಂದ 22ಎಫ್, 330ರಿಂದ 331, 388ರಿಂದ 38ಬಿ, ಐಆರ್‌ಕ್ಯೂ 5, ಡಿಎಂಎ 1 ಮತ್ತು 5. ಪೋರ್ಟ್‌ಗಳು ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆಗಳು. ಪ್ರತಿಯೊಂದರ ಆರಂಭದಲ್ಲಿ ಸೊನ್ನೆ ಮತ್ತು ಎಕ್ಸ್ ಅಕ್ಷರ ಇರಲೇಬೇಕು. ಅದು ಬಿಟ್ಟುಹೋದರೆ 220ನ್ನು ಕರ್ನಲ್ ಮಾಮೂಲಿ ಇನ್ನೂರಿಪ್ಪತ್ತು ಎಂದೇ ಓದಿಕೊಳ್ಳುತ್ತದೆ. ಕೊನೆಗೆ ‘ಆಕ್ಟಿವೇಟ್’ ಎಂದು ಬರೆದು, ಅದೇ ಫೈಲನ್ನು ಕ್ಯಾಟ್ ಆಜ್ಞೆಯಿಂದ ಓದಿ. ‘ಆಕ್ಟಿವ್’ ಎಂದಿದ್ದರೆ ಅರ್ಧ ಗೆದ್ದಂತೆ.

ಮಾಡ್ಯೂಲನ್ನು ಮತ್ತೆ ಹಾಕಿ, ಸ್ಪೀಕರ್-ಟೆಸ್ಟ್ ಆಜ್ಞೆ ಓಡಿಸಿ. ಒಂದೇ ತುಣುಕು ಪದೇ ಪದೇ ಕೇಳಿಸಿದರೆ ಐಆರ್‌ಕ್ಯೂ ಮೇಲೆ ಅನುಮಾನಪಡಿ. ‘ಆಪ್ಷನ್ಸ್’ ಪಟ್ಟಿಯಿಂದ ಬೇರೊಂದನ್ನು ಆರಿಸಿ. ಸರಿಯಾದ ಮೇಲೆ ಈ ಸಾಲುಗಳನ್ನು ಬೂಟ್ ಸ್ಕ್ರಿಪ್ಟಿಗೆ ಸೇರಿಸಿ, ಇಲ್ಲದಿದ್ದರೆ ರೀಬೂಟ್ ಆದಾಗ ಎಲ್ಲವೂ ಅಳಿಸಿಹೋಗುತ್ತದೆ. ಜೊತೆಗೆ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ (ತಾನಾಗಿಯೇ ಸೇರಿಕೊಳ್ಳದಂತೆ ತಡೆದು), ಸ್ಕ್ರಿಪ್ಟಿನ ಕೊನೆಯ ಸಾಲಿನಿಂದಲೇ ಅದನ್ನು ಕರೆಯಿರಿ.