ರೇವಾಡಿಯ ಲೋಕೋ ಶೆಡ್‌ನಲ್ಲಿ ಉಗಿ ಇಂಜಿನ್ ನೋಡುವ ಕ್ರಮ

ಹರಿಯಾಣದ ರೇವಾಡಿ ದೆಹಲಿಯಿಂದ ಸುಮಾರು 80 ಕಿ.ಮೀ. ಅಲ್ಲಿನ 1893ರ ಲೋಕೋ ಶೆಡ್‌ಗೆ ಹೊರಡುವ ಮುನ್ನ ವಿಚಾರಿಸಬೇಕಾದ್ದು ಒಂದೇ: ಅಂದು ಯಾವುದಾದರೂ ಇಂಜಿನ್‌ಗೆ ಬೆಂಕಿ ಹಾಕುತ್ತಾರೆಯೇ? ಇಲ್ಲವೆಂದರೆ ದಿನ ಬದಲಿಸಿ. ತಣ್ಣಗೆ ನಿಂತ ಇಂಜಿನ್ ನೋಡಲು ಮೈಸೂರಿನ ರೈಲು ಮ್ಯೂಸಿಯಮ್ಮೇ ಸಾಕು.

ಬೆಂಕಿಯ ದಿನ ಆದಷ್ಟು ಬೇಗ ತಲುಪಿ. ದೊಡ್ಡ ಬಾಯ್ಲರ್‌ನಲ್ಲಿ ಹಬೆ ಏರಲು ಎಂಟು–ಹತ್ತು ಗಂಟೆ ಹಿಡಿಯುವುದುಂಟು. ಅವಸರ ಮಾಡಿದರೆ ತಗಡು ಒಂದು ಕಡೆ ಬೇಗ ಹಿಗ್ಗಿ, ಇನ್ನೊಂದು ಕಡೆ ಹಿಂದುಳಿದು, ಕೊಳವೆಗಳ ಬಾಯಲ್ಲಿ ನೀರು ಜಿನುಗತೊಡಗುತ್ತದೆ.

ಡ್ರೈವರ್ ಒಪ್ಪಿದರೆ ಮಾತ್ರ ಕ್ಯಾಬ್, ಅಂದರೆ ಅವರು ನಿಂತು ಇಂಜಿನ್ ನಡೆಸುವ ಕಟ್ಟೆ, ಹತ್ತಿ. ಎಲ್ಲರ ಕಣ್ಣೂ ಪ್ರೆಷರ್ ಗೇಜ್‌ಗೆ ಹೋಗುತ್ತದೆ. ನೀವು ಮೊದಲು ನೋಡಬೇಕಾದ್ದು ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ. ನೀರು ಇಳಿದು ಫೈರ್‌ಬಾಕ್ಸಿನ (ಬೆಂಕಿ ಉರಿಯುವ ಪೆಟ್ಟಿಗೆಯ) ಮೇಲಿನ ತಗಡು ಬರಿದಾದರೆ, ಅದು ಕೆಂಪಗೆ ಕಾದು ಮೆತ್ತಗಾಗಿ ಒತ್ತಡಕ್ಕೆ ಕುಸಿಯುತ್ತದೆ. ಬಾಯ್ಲರ್ ಸಿಡಿದ ದುರಂತಗಳಲ್ಲಿ ಎಷ್ಟೋ ಹೀಗೇ ಆದವು. ಅದಕ್ಕೇ ಆ ತಗಡಿನಲ್ಲಿ ಸೀಸದ ಪ್ಲಗ್ ಇರುತ್ತದೆ: ನೀರು ಸರಿದರೆ ಸೀಸ ಕರಗಿ, ಹಬೆ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಬಾಯ್ಲರ್‌ಗೆ ನೀರು ನೂಕುವ ಇಂಜೆಕ್ಟರ್‌ನದು ಬೇರೆ ತಕರಾರು. ಇಂಜಿನ್ ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರ್‌ ಬಂಡಿಯ ನೀರು ಬಿಸಿಯಾದರೆ ಇಂಜೆಕ್ಟರ್ ಅದನ್ನು ಹಿಡಿಯುವುದೇ ಇಲ್ಲ.

ಈಗ ಗೇಜ್. ಶೆಡ್‌ನ ‘ಅಕ್ಬರ್’ ಎಂಬ ಇಂಜಿನ್ ಡಬ್ಲ್ಯುಪಿ ಮಾದರಿಯದು, 1965ರಲ್ಲಿ ಪಶ್ಚಿಮ ಬಂಗಾಳದ ಚಿತ್ತರಂಜನ್ ಇಂಜಿನ್ ಕಾರ್ಖಾನೆಯಲ್ಲಿ ತಯಾರಾದದ್ದು. ಈ ಮಾದರಿಯ ಪೂರ್ಣ ಒತ್ತಡ ಚದರ ಇಂಚಿಗೆ 210 ಪೌಂಡ್. ಮುಳ್ಳು ಅಲ್ಲಿಗೆ ಬರುತ್ತಿದ್ದಂತೆ ಸೇಫ್ಟಿ ವಾಲ್ವ್ ಅಬ್ಬರಿಸುತ್ತದೆ. ಮಕ್ಕಳ ಕಿವಿ ಮುಚ್ಚಿಸಿ.

ಇಂಜಿನ್ ಕದಲುವಾಗ ಮುಂಭಾಗದಲ್ಲಿ ಪಿಸ್ಟನ್ ಓಡಾಡುವ ಸಿಲಿಂಡರ್ ಪಕ್ಕ ನಿಲ್ಲಲೇಬೇಡಿ. ನಿಂತ ಇಂಜಿನ್ನಿನ ಸಿಲಿಂಡರ್‌ನಲ್ಲಿ ಹಬೆ ತಣಿದು ನೀರಾಗಿರುತ್ತದೆ. ಹಬೆ ಅದುಮಿದಷ್ಟೂ ಕುಗ್ಗೀತು, ನೀರು ಕುಗ್ಗದು. ಪಿಸ್ಟನ್ ಬಡಿದರೆ ಸಿಲಿಂಡರ್‌ನ ಮುಚ್ಚಳವೇ ಒಡೆಯಬಹುದು. ಹಾಗಾಗಿ ಡ್ರೈವರ್ ಸಿಲಿಂಡರ್ ಕೆಳಗಿನ ಕಾಕ್‌ಗಳನ್ನು (ನೀರು ಬಿಡುವ ನಲ್ಲಿಗಳನ್ನು) ತೆರೆದೇ ಹೊರಡುತ್ತಾರೆ, ಕುದಿನೀರೂ ಹಬೆಯೂ ನೆಲಮಟ್ಟದಲ್ಲಿ ಚಿಮ್ಮುತ್ತವೆ. ಫೋಟೊ ಬೇಕಿದ್ದರೆ ಓರೆಯಾಗಿ, ಹಳಿಯಿಂದ ದೂರ ನಿಲ್ಲಿ. ಹಬೆಯ ಮೋಡವೂ ಚೌಕಟ್ಟಿನೊಳಗೆ ಬರುತ್ತದೆ.

ಹತ್ತಿ ಬಟ್ಟೆಯೇ ಇರಲಿ, ನೈಲಾನ್‌ಗೆ ಕಿಡಿ ತಾಗಿದರೆ ತೂತು ಖಂಡಿತ. ಕಲ್ಲಿದ್ದಲ ಕಣ ಕಣ್ಣಿಗೆ ಬಿದ್ದರೆ ಉಜ್ಜದೆ ನೀರಿನಲ್ಲಿ ತೊಳೆಯಿರಿ. ಹಳಿಗಳ ನಡುವಿನ ಬೂದಿ ಗುಂಡಿಗೆ ಇಳಿಯಬೇಡಿ: ಮೇಲೆ ಬೂದಿಯಾಗಿ ಕಂಡರೂ ಅಡಿಯಲ್ಲಿ ಕೆಂಡ ಇನ್ನೂ ಆರಿರುವುದಿಲ್ಲ.